ಹದಿನಾಲ್ಕು ಅಡಿಯ ಕೋಣೆಯೊಳಗಿನ ಭಯ

ಹೋದ ಸಂಚಿಕೆಯಲ್ಲಿ ‘ಕ್ಯೂಬ್’ ಸಿನಿಮಾದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರಿಗೆ ಸಿನಿಮಾ ತುಂಬಾ ಹಿಡಿಸಿದೆ. ಕೆಲವರಿಗೆ ನನ್ನ ಮೇಲೇ ಸಿಟ್ಟು ಬಂದಿದೆ. ಈ ಸಲ ಅಂಕಣ ಪೂರ್ತಿ ಅದಕ್ಕೇ ಇರಲಿ.

ನೋಡದವರಿಗಾಗಿ ಕತೆ ಹೇಳಿಬಿಡುತ್ತೇನೆ. ಇದು 1997ರ ಕೆನಡಾ ಸಿನಿಮಾ. ನಿರ್ದೇಶಕ ವಿನ್ಸೆಂಜೊ ನಟಾಲಿ, ಅವರಿಗೆ ಇದೇ ಮೊದಲ ದೊಡ್ಡ ಚಿತ್ರ. ಒಬ್ಬರಿಗೊಬ್ಬರು ಗೊತ್ತಿಲ್ಲದ ಕೆಲವರು ಒಂದು ಚೌಕ ಕೋಣೆಯಲ್ಲಿ ಎಚ್ಚರಾಗುತ್ತಾರೆ. ಆರು ಮುಖಕ್ಕೂ ಒಂದೊಂದು ಬಾಗಿಲು. ಯಾವುದನ್ನು ತೆರೆದರೂ ಆಚೆ ಅಂಥದ್ದೇ ಇನ್ನೊಂದು ಕೋಣೆ. ಕೆಲವು ಕೋಣೆಗಳಲ್ಲಿ ಕಾಲಿಟ್ಟರೆ ಸಾವು. ಯಾರು ತಂದು ಹಾಕಿದರು, ಯಾಕೆ ಹಾಕಿದರು, ಯಾರಿಗೂ ಗೊತ್ತಿಲ್ಲ. ಮುಂದೆ ಕೊನೆಯ ದೃಶ್ಯದ ಮಾತೂ ಬರುತ್ತದೆ. ನೋಡಬೇಕು ಅಂತಿರುವವರು ನೋಡಿಕೊಂಡು ಬಂದು ಓದಿ.

ಮೇಡಂ, ಒಂದೂವರೆ ಗಂಟೆ ಉಸಿರು ಬಿಗಿಹಿಡಿದು ನೋಡಿದೆ. ಕೊನೆಗೆ ಏನೂ ಹೇಳಲಿಲ್ಲ! ಯಾರು ಕಟ್ಟಿದ್ದು? ಸರ್ಕಾರವಾ, ಸೈನ್ಯವಾ, ಬೇರೆ ಗ್ರಹದವರಾ? ಕತೆ ಮುಗಿಸಲು ಬರದೆ ಕೈಬಿಟ್ಟ ಹಾಗಿದೆ. ನನಗಂತೂ ಮೋಸ ಅನ್ನಿಸಿತು.
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಇದೇ ಪ್ರಶ್ನೆ ಕೇಳಿದ ಕಾಗದಗಳು ಇನ್ನೂ ಇವೆ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಉತ್ತರ ಸಿನಿಮಾದಲ್ಲೇ ಇದೆ. ಅದು ಕೊನೆಯಲ್ಲಿಲ್ಲ, ನಡುವಿನಲ್ಲಿದೆ.

ವರ್ತ್ ಅನ್ನುವ ಪಾತ್ರ ನೆನಪಿದೆಯಲ್ಲ? ಮಾತು ಕಡಿಮೆ, ಬದುಕುವ ಆಸೆಯೂ ಕಡಿಮೆ. ಈ ಕಟ್ಟಡದ ಹೊರಗಿನ ಕವಚದ ನಕ್ಷೆ ತಾನೇ ಬರೆದದ್ದು ಅಂತ ಅವನು ಒಪ್ಪಿಕೊಳ್ಳುತ್ತಾನೆ. ಯಾರಿಗೆ ಅಂತ ಕೇಳಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. ಕೆಲಸ ಬಂತು, ಮಾಡಿದ, ಸಂಬಳ ತಗೊಂಡ. ಅವನು ಹೇಳುವುದು ಇಷ್ಟು: ಇದರ ಹಿಂದೆ ದೊಡ್ಡ ಸಂಚು ಇಲ್ಲ, ಮೇಲೆ ಕೂತು ನಡೆಸುವವನೂ ಇಲ್ಲ. ಕಟ್ಟಿದ್ದಾಗಿದೆ. ಬಳಸದೆ ಬಿಟ್ಟರೆ ಕಟ್ಟಿದ್ದೇ ದಂಡ ಅಂತ ಒಪ್ಪಬೇಕಾಗುತ್ತದೆ. ಅದಕ್ಕೇ ಒಳಗೆ ಜನರನ್ನು ಹಾಕಿದ್ದಾರೆ.

ಈ ದೃಶ್ಯ ಬಂದಾಗ ನಮ್ಮ ಮನೆಯವರು ಪಕ್ಕದಲ್ಲಿ ಕೂತಿದ್ದರು. ಅವರು ಒಂದು ಕಾರ್ಖಾನೆಯಲ್ಲಿ 28 ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವರು. ಸಿನಿಮಾ ನಿಲ್ಲಿಸಿ ಅಂದರು. ಆಮೇಲೆ ನಿಧಾನವಾಗಿ ಹೇಳಿದರು: ‘ಒಂದು ಬ್ರಾಕೆಟ್ಟಿನ ಡ್ರಾಯಿಂಗ್ ಎಂಟು ತಿಂಗಳು ತಿದ್ದಿದ್ದೆ. ಅದು ಯಾವ ಯಂತ್ರಕ್ಕೆ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಡ್ರಾಯಿಂಗ್ ನಂಬರ್ ಮಾತ್ರ ನೆನಪಿದೆ.’ ಆ ನಂಬರನ್ನೂ ಹೇಳಿದರು. ನನಗೆ ಆ ಸಿನಿಮಾದಲ್ಲಿ ರಕ್ತ ನೋಡಿದಾಗ ಆಗದ ಭಯ ಆಗ ಆಯಿತು.

ಬೇರೆ ಗ್ರಹದವರು ಕಟ್ಟಿದ್ದು ಅಂದಿದ್ದರೆ ನಾವು ನೆಮ್ಮದಿಯಾಗಿ ಮಲಗಬಹುದಿತ್ತು. ನಮ್ಮಂಥವರೇ, ಒಬ್ಬೊಬ್ಬರು ಒಂದೊಂದು ತುಂಡು ಮಾಡಿಕೊಟ್ಟು, ಏನಕ್ಕೆ ಅಂತ ಕೇಳದೆ ಕಟ್ಟಿದ್ದು ಅಂದರೆ ನಿದ್ದೆ ಬರುತ್ತದಾ? ನೀವು ಇಂಜಿನಿಯರಿಂಗ್ ಓದುತ್ತಿದ್ದೀರಿ. ಆ ದೃಶ್ಯವೊಂದನ್ನು ಇನ್ನೊಮ್ಮೆ ನೋಡಿ. ಇದಕ್ಕೆ 2002ರಲ್ಲಿ ಎರಡನೆಯ ಭಾಗ, 2004ರಲ್ಲಿ ಮೂರನೆಯದು ಬಂತು. ಮೂರನೆಯದರಲ್ಲಿ ಆಚೆ ಕೂತು ಕಾವಲು ಕಾಯುವವರನ್ನು ತೋರಿಸಿದ್ದಾರೆ. ಅವರನ್ನು ನೋಡಿದ ಮೇಲೆ ನನ್ನ ಭಯ ಅರ್ಧ ಇಳಿದು ಹೋಯಿತು.

ಇಂಥ ಕಟ್ಟಡದ ಸೆಟ್ ಹಾಕಲು ಕೋಟಿಗಟ್ಟಲೆ ಬೇಕಲ್ವಾ? ನೀವು ಕಡಿಮೆ ದುಡ್ಡಿನ ಸಿನಿಮಾ ಅಂದಿದ್ದೀರಿ. ನಂಬಲು ಆಗುತ್ತಿಲ್ಲ.
— ಬ್ಯಾಂಕ್ ಉದ್ಯೋಗಿ, ಮೈಸೂರು

ನಂಬಿ! ಕೈಯಲ್ಲಿದ್ದ ದುಡ್ಡು ಸುಮಾರು 3.5 ಲಕ್ಷ ಕೆನಡಾ ಡಾಲರ್. ಹೊಸಬರ ಮೊದಲ ಚಿತ್ರಕ್ಕೆ ನೆರವು ಕೊಡುವ ಕೆನಡಾದ ಫಿಲ್ಮ್ ಸೆಂಟರ್ ಯೋಜನೆಯಲ್ಲಿ ಆದದ್ದು. ಕತೆಯ ಪ್ರಕಾರ ಒಳಗಿರುವ ಕೋಣೆಗಳು 17,576. ನಿಜವಾಗಿ ಕಟ್ಟಿದ್ದು ಒಂದು.

ಹೌದು, ಒಂದೇ ಒಂದು ಪೂರ್ತಿ ಕೋಣೆ. ಉದ್ದ, ಅಗಲ, ಎತ್ತರ ಮೂರೂ 14 ಅಡಿ. ಬಾಗಿಲಿನಿಂದ ಪಕ್ಕದ ಕೋಣೆ ಕಾಣುವ ಹಾಗೆ ತೋರಿಸಲು ಇನ್ನೊಂದು ಕೋಣೆಯ ಸ್ವಲ್ಪ ಭಾಗ ಮಾತ್ರ ಮಾಡಿದ್ದರು. ಆರು ಬಾಗಿಲುಗಳಲ್ಲಿ ಮನುಷ್ಯರ ಭಾರ ತಡೆಯುವಂಥದ್ದು ಒಂದೇ. ಯಾರಾದರೂ ಬಾಗಿಲಿಗೆ ಜೋತುಬಿದ್ದರೆ ಅದು ಅದೇ ಬಾಗಿಲು ಅಂತ ತಿಳಿಯಿರಿ.

ಹಾಗಾದರೆ ಬೇರೆ ಬೇರೆ ಕೋಣೆ ಹೇಗೆ? ಬಣ್ಣದ ಹಾಳೆ! ಗೋಡೆಯ ಫಲಕಗಳನ್ನು ಸರಿಸಿ ಬಣ್ಣ ಬದಲಾಯಿಸುತ್ತಿದ್ದರು. ಕೆಂಪು ಹಾಕಿದರೆ ಕೆಂಪು ಕೋಣೆ, ನೀಲಿ ಹಾಕಿದರೆ ನೀಲಿ ಕೋಣೆ.

ಇದನ್ನು ತಿಳಿದಾಗ ನನಗಾದ ಖುಷಿ ಹೇಳತೀರದು. ನಾನು ಪಾಠ ಮಾಡುತ್ತಿದ್ದಾಗ ಸಂಜೆ ಹೊತ್ತು ನಮ್ಮೂರ ಹವ್ಯಾಸಿ ನಾಟಕ ತಂಡಕ್ಕೆ ಬೆಳಕು ಹಿಡಿಯುತ್ತಿದ್ದೆ. ನಾಲ್ಕು ಸ್ಪಾಟ್, ಎರಡು ಡಿಮ್ಮರ್, ಒಂದು ಟ್ರಂಕ್ ತುಂಬ ಜಿಲೆಟಿನ್ ಪೇಪರ್. ಅದೇ ಖಾಲಿ ರಂಗದ ಮೇಲೆ ಅಂಬರ್ ಬಿಟ್ಟರೆ ಸಂಜೆ, ನೀಲಿ ಬಿಟ್ಟರೆ ಕಾಡು, ಕೆಂಪು ಬಿಟ್ಟರೆ ಯುದ್ಧ. ಹಾಳೆ ಬದಲಾಯಿಸಲು ಏಣಿ ಹತ್ತಬೇಕು, ಕೈ ಸುಡುತ್ತದೆ, ಹೊತ್ತು ಹಿಡಿಯುತ್ತದೆ. ಅಲ್ಲೂ ಹಾಗೇ ಆಗಿದೆ. ಬಣ್ಣ ಬದಲಾಯಿಸಲು ಸಮಯ ಬೇಕು ಅಂತ ಒಂದು ಬಣ್ಣದ ಕೋಣೆಯ ದೃಶ್ಯಗಳನ್ನೆಲ್ಲ ಒಟ್ಟಿಗೆ ತೆಗೆದು ಮುಗಿಸಿ, ಆಮೇಲೆ ಮುಂದಿನ ಬಣ್ಣಕ್ಕೆ ಹೋಗುತ್ತಿದ್ದರು. ನಟರ ಕಷ್ಟ ಯೋಚಿಸಿ. ಕೆಂಪು ಕೋಣೆಯಲ್ಲಿ ಈಗ ಇನ್ನೂ ಪರಿಚಯವಾಗದವರು, ಅರ್ಧ ಗಂಟೆ ಬಿಟ್ಟು ಅದೇ ಕೆಂಪಿನಲ್ಲಿ ಪರಮ ಶತ್ರುಗಳು!

ಆರು ಬಣ್ಣ ಬೇಕು ಅಂತ ಅವರ ಆಸೆ ಇತ್ತು. ಆರನೆಯದಕ್ಕೆ ದುಡ್ಡು ಸಾಲಲಿಲ್ಲ. ಬಿಳಿಯನ್ನೂ ಸೇರಿಸಿ ಐದಕ್ಕೆ ನಿಂತರು. ಕಂಪ್ಯೂಟರ್ ಚಿತ್ರಗಳ ಕೆಲಸವನ್ನು ಟೊರಾಂಟೊದ ಒಂದು ಸಂಸ್ಥೆ ದುಡ್ಡು ತಗೊಳ್ಳದೆ ಮಾಡಿಕೊಟ್ಟಿತು.

ದುಡ್ಡು ಜಾಸ್ತಿ ಇದ್ದಿದ್ದರೆ ಇಪ್ಪತ್ತು ಕೋಣೆ ಕಟ್ಟುತ್ತಿದ್ದರು. ಇಪ್ಪತ್ತೂ ಬೇರೆ ಬೇರೆ ಥರ ಇರುತ್ತಿದ್ದವು. ಆಗ ‘ಎಷ್ಟು ಹೋದರೂ ಇದ್ದಲ್ಲೇ ಇದ್ದೇವೆ’ ಅನ್ನುವ ಆ ಸಂಕಟ ಬರುತ್ತಿರಲಿಲ್ಲ. ನಟರು ನಿಜವಾಗಿಯೂ ಇದ್ದಲ್ಲೇ ಇದ್ದರು, ಅದು ಮುಖದಲ್ಲಿ ಕಾಣುತ್ತದೆ.

ಪಾತ್ರಗಳ ಹೆಸರೆಲ್ಲ ಜೈಲುಗಳ ಹೆಸರಂತೆ, ನಿಜವಾ?
— ಓದುಗರು, ಶಿರಸಿ

ನಿಜ. ಕ್ವೆಂಟಿನ್ ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್. ಹಾಲೊವೇ ಲಂಡನ್ನಿನಲ್ಲಿ 2016ರವರೆಗೆ ಇದ್ದ ಹೆಂಗಸರ ಜೈಲು. ರೆನ್ ಫ್ರಾನ್ಸಿನದು, ಕಜಾನ್ ರಷ್ಯಾದ್ದು, ಆಲ್ಡರ್ಸನ್ ಅಮೆರಿಕದ ವೆಸ್ಟ್ ವರ್ಜಿನಿಯಾದ್ದು. ನನಗೆ ಇಷ್ಟವಾದದ್ದು ಲೆವೆನ್ ಮತ್ತು ವರ್ತ್. ಎರಡೂ ಸೇರಿಸಿದರೆ ಕ್ಯಾನ್ಸಸ್‌ನ ಲೆವೆನ್‌ವರ್ತ್ ಜೈಲು.

ನೀವು ಗಣಿತದ ಟೀಚರ್ ಆಗಿದ್ದವರು. ಆ ಸಿನಿಮಾದ ಗಣಿತ ಸರಿ ಇದೆಯಾ? ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ‘ಅಪ್ಪಾ, ಇದೇನು ಇಷ್ಟು ಸುಲಭದ ಲೆಕ್ಕಕ್ಕೆ ಅಳುತ್ತಿದ್ದಾಳೆ’ ಅಂತ ನಕ್ಕಳು.
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಮಗಳಿಗೆ ನನ್ನ ಕಡೆಯಿಂದ ಶಾಬಾಸ್ ಹೇಳಿ. ಅವಳು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾಳೆ.

ಬಾಗಿಲ ಸಂದಿಯಲ್ಲಿ ಮೂರು ಮೂರಂಕಿಯ ಸಂಖ್ಯೆಗಳನ್ನು ಕೆತ್ತಿರುತ್ತಾರೆ. ಮೂರರಲ್ಲಿ ಒಂದು ಅವಿಭಾಜ್ಯ ಸಂಖ್ಯೆಯಾದರೂ (ಅಂದರೆ 1 ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು) ಆ ಕೋಣೆಯಲ್ಲಿ ಅಪಾಯ ಅಂತ ಲೆವೆನ್ ಅನ್ನುವ ವಿದ್ಯಾರ್ಥಿನಿ ಊಹಿಸುತ್ತಾಳೆ. ಒಂದು ಕಡೆ 649 ಬರುತ್ತದೆ. ನೋಡಿದರೆ ಅವಿಭಾಜ್ಯದ ಹಾಗೇ ಇದೆ. ಅವಳು ಒಂದು ಕ್ಷಣ ತಡೆದು, 11 ಗುಣಿಸು 59, ಅಲ್ಲ ಅನ್ನುತ್ತಾಳೆ. ಸರಿಯಾಗಿದೆ. ನಾನು ತರಗತಿಯಲ್ಲಿ ಇಂಥ ಸಂಖ್ಯೆಗಳನ್ನೇ ಹುಡುಕಿ ಕೊಡುತ್ತಿದ್ದೆ. ಆ ತಡೆ ಇದೆಯಲ್ಲ, ಅದು ಲೆಕ್ಕ ಮಾಡುವವರ ನಿಜವಾದ ತಡೆ.

ಒಂದೊಂದು ಸಂಖ್ಯೆಯ ಮೂರು ಅಂಕಿಗಳನ್ನು ಕೂಡಿದರೆ ಕೋಣೆ ಎಲ್ಲಿದೆ ಅನ್ನುವ ಗುರುತು ಸಿಗುತ್ತದೆ ಅನ್ನುವುದೂ ಚೆಂದದ ಯೋಚನೆ. ಮೂರಂಕಿಯ ಸಂಖ್ಯೆಯ ಅಂಕಿಗಳ ಮೊತ್ತ 27ನ್ನು ದಾಟುವುದಿಲ್ಲ. ಸಿನಿಮಾದ ಪ್ರಕಾರ ಒಂದೊಂದು ದಿಕ್ಕಿಗೆ 26 ಕೋಣೆ. 26ನ್ನು ಮೂರು ಸಲ ಗುಣಿಸಿ, 17,576 ಬರುತ್ತದೆ.

ಕೆಡುವುದು ಆಮೇಲೆ. ಅವಿಭಾಜ್ಯದ ನಿಯಮ ಸಾಲದು, ಅವಿಭಾಜ್ಯದ ಘಾತಗಳನ್ನೂ ನೋಡಬೇಕು ಅಂತ ಅವಳಿಗೆ ಹೊಳೆಯುತ್ತದೆ. 343 ಅಂದರೆ 7ರ ಘನ, 961 ಅಂದರೆ 31ರ ವರ್ಗ, ಹಾಗೆ. ಇದನ್ನು ಮನುಷ್ಯರು ತಲೆಯಲ್ಲಿ ಮಾಡಲು ಸಾಧ್ಯವೇ ಇಲ್ಲ ಅಂತ ಕೂಗಾಡುತ್ತಾಳೆ. ಅಯ್ಯೋ, ಯಾಕಿಲ್ಲ? 999ರ ವರ್ಗಮೂಲ 32ರೊಳಗೇ ಇದೆ. ಹಾಗಾಗಿ 2ರಿಂದ 31ರವರೆಗಿನ 11 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಯಾವ ಮೂರಂಕಿಯ ಸಂಖ್ಯೆಯೂ ಗುಟ್ಟು ಬಿಟ್ಟುಕೊಡುತ್ತದೆ. ನಿಮ್ಮ ಕಾಗದ ಬಂದ ದಿನ ರಾತ್ರಿ ಕೂತು ಎಣಿಸಿದೆ. ಸಾವಿರದೊಳಗೆ ಅವಿಭಾಜ್ಯಗಳು 168. ಅವುಗಳ ವರ್ಗ, ಘನ ಮತ್ತು ಮೇಲಿನ ಘಾತಗಳು ಸೇರಿ ಬರೀ 25. ಆ 25ನ್ನು ಎಂಟನೇ ಕ್ಲಾಸಿನ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಬಾಯಿಪಾಠ ಮಾಡುತ್ತಾರೆ.

ಊಟ ನಿದ್ದೆ ಇಲ್ಲದೆ, ಪಕ್ಕದವರು ಸತ್ತದ್ದನ್ನು ನೋಡಿದ ಹುಡುಗಿಗೆ ತಲೆ ಓಡುವುದಿಲ್ಲ ಅಂತ ಕೆಲವರು ಸಮರ್ಥನೆ ಬರೆದಿದ್ದಾರೆ. ಹಾಗೆ ತೋರಿಸಿದ್ದರೆ ನಾನೂ ಒಪ್ಪುತ್ತಿದ್ದೆ. ಸಿನಿಮಾ ಹೇಳುವುದು ಅವಳಿಗೆ ಆಗುತ್ತಿಲ್ಲ ಅಂತಲ್ಲ, ಯಾರಿಗೂ ಆಗದು ಅಂತ. ಅದು ತಪ್ಪು.

ಈ ತಪ್ಪಿಗಿಂತ ನನ್ನನ್ನು ಜಾಸ್ತಿ ನೋಯಿಸಿದ್ದು ಅದರ ಪರಿಹಾರ. ಆಟಿಸಂ ಇರುವ ಕಜಾನ್ ಆ ಲೆಕ್ಕವನ್ನು ಕ್ಷಣದಲ್ಲಿ ಮಾಡುತ್ತಾನೆ. ಅಲ್ಲಿಯವರೆಗೆ ಅವನು ಎಲ್ಲರಿಗೂ ಹೊರೆ. ಲೆಕ್ಕ ಬಂತು ಅಂತ ಗೊತ್ತಾದ ಮೇಲೆ ಬೇಕಾದವನು. ನನ್ನ ತರಗತಿಯಲ್ಲಿ ಅಂಥ ಇಬ್ಬರು ಮಕ್ಕಳಿದ್ದರು. ಒಬ್ಬನಿಗೆ ಲೆಕ್ಕ ಸುತರಾಂ ಬರುತ್ತಿರಲಿಲ್ಲ, ಬೆಂಚಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ. ‘ಇವನಿಗೆ ಏನಾದರೂ ವಿಶೇಷ ಶಕ್ತಿ ಇರಬೇಕಲ್ಲ ಮೇಡಂ’ ಅಂತ ಅವನ ತಾಯಿಯನ್ನು ನೆಂಟರು ಕೇಳುತ್ತಿದ್ದರಂತೆ. ಆ ತಾಯಿ ಅದನ್ನು ನನಗೆ ಹೇಳುವಾಗ ಕಣ್ಣು ತುಂಬಿಕೊಂಡಿದ್ದರು. ಇಂಥ ಸಿನಿಮಾಗಳು ಆ ಪ್ರಶ್ನೆಯನ್ನು ಜನರ ಬಾಯಿಗೆ ಹಾಕುತ್ತವೆ. ಕೊನೆಗೆ ಬೆಳಕಿಗೆ ನಡೆದು ಹೋಗುವವನು ಕಜಾನ್ ಒಬ್ಬನೇ ಅನ್ನುವುದು ನನಗೆ ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಅವನು ಲೆಕ್ಕ ಬರದವನಾಗಿದ್ದೂ ಹಾಗೇ ನಡೆದು ಹೋಗಿದ್ದರೆ?

ನಟನೆ ಸಾಧಾರಣ. ಪೊಲೀಸ್ ಪಾತ್ರದವನು ಮೊದಲು ಒಳ್ಳೆಯ ನಾಯಕ, ಆಮೇಲೆ ಒಮ್ಮೆಲೇ ರಾಕ್ಷಸ. ಇಷ್ಟು ಬೇಗ ಯಾರು ಬದಲಾಗುತ್ತಾರೆ?
— ರಂಗನಟ, ಧಾರವಾಡ

ಕೊನೆಯ ಇಪ್ಪತ್ತು ನಿಮಿಷದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಅಲ್ಲಿ ಕಣ್ಣು ಕೆಕ್ಕರಿಸುವುದು ಜಾಸ್ತಿಯಾಯಿತು. ಆದರೆ ಒಮ್ಮೆಲೇ ಬದಲಾದ ಅನ್ನುವುದನ್ನು ಒಪ್ಪಲಾರೆ. ಮೊದಲಿನಿಂದಲೇ ಅವನು ಯಾರನ್ನೂ ಕೇಳುವುದಿಲ್ಲ, ಹೇಳುತ್ತಾನೆ ಅಷ್ಟೇ. ನಾವು ಅದನ್ನು ನಾಯಕತ್ವ ಅಂದುಕೊಂಡೆವು.

ನನ್ನ ಮಗನಿಗೆ 12 ವರ್ಷ. ಅವನಿಗೆ ಒಗಟು, ಲೆಕ್ಕ ಅಂದರೆ ಪ್ರಾಣ. ತೋರಿಸಬಹುದಾ?
— ತಾಯಿ, ಉಡುಪಿ

ಬೇಡ. ಮೊದಲ ದೃಶ್ಯದಲ್ಲೇ ತಂತಿಯ ಬಲೆ ಒಬ್ಬ ಮನುಷ್ಯನನ್ನು ತುಂಡು ತುಂಡು ಮಾಡುತ್ತದೆ. ಅವನಿಗೆ ಆ 25 ಸಂಖ್ಯೆಗಳನ್ನು ಹುಡುಕಲು ಹೇಳಿ. ಸಿನಿಮಾ ಆರು ವರ್ಷ ಬಿಟ್ಟು ನೋಡಲಿ.

ಇಷ್ಟು ಒಳ್ಳೆಯದಿದ್ದರೆ ಅಲ್ಲಿಯ ಜನ ಯಾಕೆ ನೋಡಲಿಲ್ಲ? ನಾನು ಟೊರಾಂಟೊ ಹತ್ತಿರವೇ ಇದ್ದೇನೆ. ಇಲ್ಲಿ ತೆಗೆದ ಚಿತ್ರ ಅಂತ ನಿಮ್ಮ ಅಂಕಣ ಓದಿಯೇ ಗೊತ್ತಾಯಿತು.
— ಓದುಗರು, ಮಿಸಿಸಾಗಾ, ಕೆನಡಾ

ಟೊರಾಂಟೊ ಚಿತ್ರೋತ್ಸವದಲ್ಲಿ 1997ರಲ್ಲೇ ಕೆನಡಾದ ಅತ್ಯುತ್ತಮ ಮೊದಲ ಚಿತ್ರ ಅಂತ ಪ್ರಶಸ್ತಿ ಬಂದಿತ್ತು. ಆದರೂ ಅಲ್ಲಿನ ಥಿಯೇಟರುಗಳಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಫ್ರಾನ್ಸಿನಲ್ಲಿ ಒಬ್ಬ ವಿತರಕರು ನಂಬಿ ಜೋರಾಗಿ ಪ್ರಚಾರ ಮಾಡಿದರು, ಅಲ್ಲಿ ಜನ ಮುಗಿಬಿದ್ದು ನೋಡಿದರು. 2021ರಲ್ಲಿ ಜಪಾನಿನವರು ತಮ್ಮ ಭಾಷೆಯಲ್ಲೂ ಮಾಡಿಕೊಂಡರು. ನಿಮ್ಮ ಊರಿನ ಒಂದು ಬೀದಿಯೂ ಇದರಲ್ಲಿ ಕಾಣುವುದಿಲ್ಲ, ಹುಡುಕಬೇಡಿ.

ನಾವು ಐದು ಜನ ಗೆಳೆಯರು. 40 ಸಾವಿರ ರೂಪಾಯಿ ಒಟ್ಟು ಮಾಡಿದ್ದೇವೆ. ಇಂಥದ್ದೊಂದು ಕಿರುಚಿತ್ರ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋಣ?
— ಕಾಲೇಜು ಗೆಳೆಯರು, ತುಮಕೂರು

ಕಿವಿಯಿಂದ. ಈ ಸಿನಿಮಾದಲ್ಲಿ ಒಂದು ಕೋಣೆ ಇದೆ. ಸದ್ದಾದರೆ ಗೋಡೆಗಳಿಂದ ಮುಳ್ಳು ಹೊರಗೆ ಬರುತ್ತವೆ. ಒಬ್ಬೊಬ್ಬರೇ ಉಸಿರು ಕಟ್ಟಿ ದಾಟುತ್ತಾರೆ. ಹೆಚ್ಚು ಹೊತ್ತು ನಾವು ಕೇಳುವುದು ಬೂಟಿನ ಕಿರುಗುಟ್ಟುವಿಕೆ, ಬಟ್ಟೆಯ ಸರಸರ. ನನ್ನ ಪಾಲಿಗೆ ಇಡೀ ಚಿತ್ರದಲ್ಲಿ ಅದಕ್ಕಿಂತ ಭಯದ ದೃಶ್ಯ ಇಲ್ಲ, ಅದಕ್ಕೆ ಆದ ಖರ್ಚೂ ಕಡಿಮೆಯೇ ಇರಬೇಕು. ದುಡ್ಡಿನಲ್ಲಿ ಮೊದಲು ಒಂದು ಒಳ್ಳೆಯ ಮೈಕ್ ಬಾಡಿಗೆಗೆ ತನ್ನಿ. ಕ್ಯಾಮೆರಾಕ್ಕೆ ನಿಮ್ಮ ಫೋನ್ ಸಾಕು.

ಆಮೇಲೆ ಒಂದೇ ಜಾಗ ಆರಿಸಿಕೊಳ್ಳಿ. ನಿಮ್ಮೂರಲ್ಲಿ ಖಾಲಿ ಗೋದಾಮು ಇರಬಹುದು, ರಜೆಯಲ್ಲಿ ಮುಚ್ಚಿದ ಹಾಸ್ಟೆಲ್ ಇರಬಹುದು. ಅಲ್ಲಿ ಹೋಗಿ ಕೂತು ಕತೆ ಬರೆಯಿರಿ. ಕತೆ ಬರೆದು ಜಾಗ ಹುಡುಕಬೇಡಿ. ಗೋಡೆಯ ಬಣ್ಣ ಬದಲಾಯಿಸಬೇಕು ಅನ್ನಿಸಿದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಿ. ನನ್ನ ಟ್ರಂಕ್ ಇನ್ನೂ ಅಟ್ಟದ ಮೇಲಿದೆ. ನೀಲಿ ಜಿಲೆಟಿನ್ ಎಲ್ಲ ಮುರುಟಿ ಹೋಗಿದೆ, ಕೆಂಪು ಮತ್ತು ಅಂಬರ್ ಚೆನ್ನಾಗಿವೆ. ತಗೊಂಡು ಹೋಗಿ.