ಗಾಡಿ ನೆಲಕ್ಕಿಳಿದ ಮೇಲೆ ಬೋಲ್ಟ್ ಬಿಗಿಯಿರಿ

ಪ್ರಶ್ನೆ: ನನ್ನ ಫೋರ್ ವ್ಹೀಲ್ ಡ್ರೈವ್ ಗಾಡಿಗೆ ಗಾಡಿ ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ ಹಾಕಿದ್ದೇನೆ. ಮುಂದೆ ಹೊಸ ಕಾಯಿಲ್ ಸ್ಪ್ರಿಂಗ್, ಆಕ್ಸಲನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್, ಆಕ್ಸಲ್ ಅಡ್ಡಡ್ಡ ಜಾರದಂತೆ ಹಿಡಿಯುವ ಟ್ರ್ಯಾಕ್ ಬಾರ್ ಎಲ್ಲ ಬಂದಿವೆ. ಎರಡು ಸಲ ಕಲ್ಲುದಾರಿಗೆ ಹೋಗಿ ಬಂದೆ, ಮುಂದುಗಡೆ ಟಕ್ ಟಕ್ ಸದ್ದು ಶುರುವಾಯಿತು. ಬೋಲ್ಟ್‌ಗಳನ್ನು ಬಿಗಿ ಮಾಡಿದರೆ ಒಂದು ವಾರ ಸುಮ್ಮನಿರುತ್ತದೆ, ಆಮೇಲೆ ಅದೇ ಕತೆ. ಥ್ರೆಡ್ ಲಾಕರ್ ಅಂಟು ಹಾಕಿದರೆ ಸಾಕಾ?

ಉತ್ತರ: ಅಂಟಿನ ವಿಷಯ ಆಮೇಲೆ ನೋಡೋಣ. ಮೊದಲು ಒಂದು ಮಾತು ಹೇಳಿ: ನೀವು ಆ ಬೋಲ್ಟ್ ಬಿಗಿಯುವಾಗ ಚಕ್ರ ಎಲ್ಲಿತ್ತು? ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬಿಗಿದಿದ್ದೀರಿ ಅಂತ ನನ್ನ ಅನುಮಾನ. ಹೆಚ್ಚಿನವರು ಮಾಡುವುದೇ ಹಾಗೆ.

ಆರ್ಮಿನ ತುದಿಯಲ್ಲಿರುವ ರಬ್ಬರ್ ಬುಷ್ ನೋಡಿ. ಅದರ ಮಧ್ಯದಲ್ಲಿ ಒಂದು ಉಕ್ಕಿನ ಕೊಳವೆ ಇರುತ್ತದೆ, ರಬ್ಬರು ಅದಕ್ಕೆ ಕಚ್ಚಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಬ್ರಾಕೆಟ್‌ನ ಎರಡು ಕಿವಿಗಳ ನಡುವೆ ಆ ಕೊಳವೆ ಅಲ್ಲಾಡದೆ ನಿಲ್ಲಬೇಕು. ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಚಕ್ರ ಜೋತಾಡುವಾಗ ಬಿಗಿದರೆ ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ, ಹಿಂಡಿದ ಬಟ್ಟೆಯ ಹಾಗೆ. ನಿಂತಲ್ಲೇ ಹಾಗಿದ್ದರೆ ಕಲ್ಲುದಾರಿಯಲ್ಲಿ ಇನ್ನೆಷ್ಟು ತಡೆದೀತು? ರಬ್ಬರ್ ಬೇಗ ಹರಿಯುತ್ತದೆ. ಬಿಗಿ ಕಮ್ಮಿ ಇದ್ದರೆ ಕೊಳವೆಯೇ ಜಾರುತ್ತದೆ.

ಆದ್ದರಿಂದ ಎತ್ತಿದಾಗ ನಟ್ ತಾಗುವಷ್ಟು ಮಾತ್ರ ಹಾಕಿ. ಚಕ್ರ ಹಾಕಿ, ಇಳಿಸಿ, ಗಾಡಿಯನ್ನು ನಾಲ್ಕಡಿ ಹಿಂದೆ ಮುಂದೆ ತಳ್ಳಿ. ಪೂರ್ತಿ ಭಾರ ಕೂತ ಮೇಲೆ ಕೊನೆಯ ಬಿಗಿ ಕೊಡಿ. ಕೆಳಗೆ ಕೈ ಹೋಗುವುದಿಲ್ಲವೇ? ನಿಮ್ಮದು ಎರಡು ಚಕ್ರಗಳನ್ನೂ ಸೇರಿಸುವ ಒಂದೇ ಇಡೀ ಆಕ್ಸಲ್ ಇರುವ ಗಾಡಿಯಾದರೆ ಸ್ಟ್ಯಾಂಡನ್ನು ಚಾಸಿ ಬದಲು ಆಕ್ಸಲ್ ಅಡಿ ಕೊಡಿ. ಭಾರ ಸ್ಪ್ರಿಂಗ್ ಮೇಲೆಯೇ ಇರುತ್ತದೆ.

ಈ ಕೊನೆಯ ಬಿಗಿಯನ್ನು ಏರ್ ಗನ್‌ನಿಂದ ದಯವಿಟ್ಟು ಕೊಡಬೇಡಿ. ಹೇಳಿದಷ್ಟು ಬಿಗಿಯಾದಾಗ ಕ್ಲಿಕ್ ಅನ್ನುವ ಟಾರ್ಕ್ ರೆಂಚ್ ತೆಗೆದುಕೊಳ್ಳಿ, ಕಿಟ್ ಜೊತೆ ಬಂದ ಹಾಳೆ ಓದಿ. ಅಲ್ಲಿ ಬರೆದಿರುವುದು ಫುಟ್-ಪೌಂಡೋ ನ್ಯೂಟನ್ ಮೀಟರೋ ನೋಡಿ. 100 ಫುಟ್-ಪೌಂಡ್ ಅಂದರೆ ಸುಮಾರು 136 ನ್ಯೂಟನ್ ಮೀಟರ್. ಫುಟ್-ಪೌಂಡ್ ಅಂಕಿಯನ್ನೇ ನ್ಯೂಟನ್ ಮೀಟರ್ ಅಂದುಕೊಂಡರೆ ಕಾಲು ಭಾಗಕ್ಕಿಂತ ಜಾಸ್ತಿ ಬಿಗಿ ಕಮ್ಮಿಯಾಗುತ್ತದೆ. ಬೋಲ್ಟ್ ತಲೆ ಹಿಡಿದು ನಟ್ ತಿರುಗಿಸಿ, ಒಮ್ಮೆ ಕ್ಲಿಕ್ ಅಂದರೆ ನಿಲ್ಲಿಸಿ. ಥ್ರೆಡ್ಡಿಗೆ ಸುಮ್ನೆ ಎಣ್ಣೆ ಸವರಬೇಡಿ. ನಾವು ಹಾಕುವ ಬಲದ ಬಹುಪಾಲು ಉಜ್ಜಾಟಕ್ಕೇ ಹೋಗುತ್ತದೆ, ಹತ್ತರಲ್ಲಿ ಒಂದು ಪಾಲಿನಷ್ಟೇ ಬೋಲ್ಟನ್ನು ಎಳೆಯುತ್ತದೆ. ಎಣ್ಣೆ ಬಿದ್ದರೆ ಅದೇ ಕ್ಲಿಕ್ಕಿಗೆ ಬೋಲ್ಟ್ ಅಳತೆ ಮೀರಿ ಎಳೆದುಕೊಳ್ಳುತ್ತದೆ.

ಈಗ ನಿಮ್ಮ ಸದ್ದಿಗೆ ಬರುತ್ತೇನೆ. ಮತ್ತೆ ಬಿಗಿಯುವ ಮುಂಚೆ ಟ್ರ್ಯಾಕ್ ಬಾರ್ ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಿರಿ. ಟಾರ್ಚ್ ಹಿಡಿದು ಬ್ರಾಕೆಟ್ಟಿನ ತೂತು ನೋಡಿ. ಕೊಳವೆ ಒತ್ತಿದ ಗುಂಡಗಿನ ಗುರುತಿದ್ದರೆ ಸರಿ. ತೂತಿನ ಒಂದು ಬದಿ ಮಾತ್ರ ಉಜ್ಜಿ ಹೊಳೆಯುತ್ತಿದ್ದರೆ, ಸುತ್ತ ಕೆಂಪು ಪುಡಿ ಇದ್ದರೆ, ಅಲ್ಲಿ ಲೋಹ ಲೋಹಕ್ಕೆ ತಿಕ್ಕಾಡಿದೆ. ತೂತು ಮೊಟ್ಟೆಯ ಆಕಾರಕ್ಕೆ ತಿರುಗಿದ್ದರೆ ಯಾವ ಅಂಟೂ ಉಪಯೋಗವಿಲ್ಲ. ಸರಿ ಅಳತೆಯ ತೂತಿರುವ ದಪ್ಪ ಪ್ಲೇಟನ್ನು ಬೆಸುಗೆ ಹಾಕಿಸಿ, ಹೊಸ ಬೋಲ್ಟ್ ಹಾಕಿ. ಅಲ್ಲಿಯವರೆಗೆ ವೇಗದ ರಸ್ತೆಗೆ ಹೋಗಬೇಡಿ. ನನ್ನ ಗಾಡಿಯಲ್ಲಿ ಇದೇ ಬೋಲ್ಟ್ ಸಡಿಲಾಗಿತ್ತು. ಏರ್ ಗನ್ನಿನಲ್ಲಿ ಬಿಗಿದು ಆಯಿತು ಅಂದುಕೊಂಡಿದ್ದವನು ನಾನೇ. ಒಂದು ಸಣ್ಣ ಗುಂಡಿ ಹಾರಿಸಿದ್ದೇ ತಡ, ಸ್ಟೇರಿಂಗ್ ಎರಡೂ ಕಡೆಗೆ ಬಡಿದುಕೊಳ್ಳತೊಡಗಿತು, ಕೈಯಲ್ಲಿ ಹಿಡಿಯಲು ಆಗಲಿಲ್ಲ. ಗಾಡಿ ನಿಂತ ಮೇಲೂ ಮೊಣಕೈವರೆಗೆ ನಡುಕವಿತ್ತು. ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಅಂಟು ಬೇಡವೇ ಬೇಡ ಎನ್ನುವುದಿಲ್ಲ. ಆದರೆ ಅದು ನಟ್ ತಿರುಗದ ಹಾಗೆ ತಡೆಯುತ್ತದೆ, ಬಿಗಿಯನ್ನು ಕೊಡುವುದಿಲ್ಲ. ಜೋಡಣೆ ಅಡ್ಡಡ್ಡ ಜಾರಿದಾಗಲೇ ನಟ್ ತಾನಾಗಿ ಬಿಚ್ಚಿಕೊಳ್ಳುತ್ತದೆ ಅಂತ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಯಂತ್ರವಿಟ್ಟು ತೋರಿಸಿದ್ದರು. ಜಾರದಷ್ಟು ಬಿಗಿ ಇರುವುದೇ ಮುಖ್ಯ.

ಮೊದಲ 100 ಕಿ.ಮೀ. ಆದ ಮೇಲೆ ಒಮ್ಮೆ, ಪ್ರತಿ ಕಲ್ಲುದಾರಿ ಸವಾರಿ ಆದ ಮೇಲೆ ಒಮ್ಮೆ ರೆಂಚ್ ಇಟ್ಟು ನೋಡಿ. ಹೊಸ ಬ್ರಾಕೆಟ್ಟಿನ ದಪ್ಪ ಬಣ್ಣ ಒತ್ತಡಕ್ಕೆ ಕುಸಿಯುತ್ತದೆ, ಬಿಗಿ ಇಳಿಯುತ್ತದೆ. ಬಿಗಿದ ಮೇಲೆ ನಟ್‌ನಿಂದ ಬ್ರಾಕೆಟ್ಟಿನವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ, ನಟ್ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಬಣ್ಣ ಕುಸಿದದ್ದನ್ನು ಮಾತ್ರ ಗೆರೆ ಹೇಳುವುದಿಲ್ಲ, ಅದಕ್ಕೆ ರೆಂಚೇ ಬೇಕು.

ಪ್ರಶ್ನೆ: ಹಿಂದಿನ ಪಟ್ಟಿ ಸ್ಪ್ರಿಂಗ್ ಬಿಚ್ಚಿ ಮತ್ತೆ ಹಾಕುತ್ತಿದ್ದೇನೆ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಹಳೆಯ ಯು ಬೋಲ್ಟ್ ನೋಡಲು ಚೆನ್ನಾಗಿಯೇ ಇವೆ. ಅವನ್ನೇ ಹಾಕಲೇ?

ಉತ್ತರ: ಬೇಡ. ಒಮ್ಮೆ ಬಿಗಿದಾಗಲೇ ಅವು ಎಳೆದುಕೊಂಡು ಆ ಜಾಗಕ್ಕೆ ಬಾಗಿರುತ್ತವೆ. ಹೊಸವನ್ನೇ ಹಾಕಿ. ನಾಲ್ಕು ನಟ್ಟನ್ನೂ ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ನಾಲ್ಕರಲ್ಲೂ ಹೊರಗೆ ಕಾಣುವ ಥ್ರೆಡ್ ಹೆಚ್ಚು ಕಡಿಮೆ ಒಂದೇ ಉದ್ದ ಇರಬೇಕು.

ಪ್ರಶ್ನೆ: ಚಕ್ರ ಎಡ ಬಲ ತಿರುಗುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್‌ನ ನಟ್ ಸರಿಯಾದ ಟಾರ್ಕಿಗೆ (ಬಿಗಿಗೆ) ಬಂದಾಗ, ನಟ್ ತಿರುಗದಂತೆ ತಡೆಯುವ ಕಾಟರ್ ಪಿನ್ನಿನ ತೂತು ಸರಿ ಹೊಂದುತ್ತಿಲ್ಲ. ಸ್ವಲ್ಪ ಹಿಂದಕ್ಕೆ ತಿರುಗಿಸಲೇ?

ಉತ್ತರ: ಹಿಂದಕ್ಕೆ ಬೇಡ, ಮುಂದಕ್ಕೆ. ನಟ್‌ನ ಮುಂದಿನ ಕಂಡಿ ತೂತಿಗೆ ಸರಿಯಾಗಿ ಬರುವವರೆಗೆ ಇನ್ನಷ್ಟು ಬಿಗಿದು, ಹೊಸ ಪಿನ್ ಹಾಕಿ.