ಸೊನ್ನೆ ಕೊಟ್ಟರೂ ಡೀಬಗ್ ನಿಲ್ಲುವುದಿಲ್ಲ ಏಕೆ? ಸಿ ಪ್ರಿಪ್ರೊಸೆಸರ್ ಕುರಿತ ಓದುಗರ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರ ಪ್ರಶ್ನೆಗಳಿವು. ಕಂಪೈಲ್ ಆಗುವ ಮೊದಲು # ಸಾಲುಗಳನ್ನು ನೋಡಿ ಕೋಡನ್ನು ಸಿದ್ಧಮಾಡಿ ಕೊಡುವ ಭಾಗವೇ ಪ್ರಿಪ್ರೊಸೆಸರ್. ಉತ್ತರಗಳೆಲ್ಲ ಜಿಸಿಸಿ ಕಂಪೈಲರಿಗೆ ಅನ್ವಯ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಒಂಟಿ ಅಕ್ಷರದ -ಡಿ, -ಯು, -ಐ, -ಇ, -ಪಿ, -ಎಚ್ ಇವು ದೊಡ್ಡಕ್ಷರ. -ಒ, -ವಿ, -ಎಲ್ ಸಣ್ಣಕ್ಷರ. ಅದಲುಬದಲಾದರೆ ಕೆಲಸವೇ ಬೇರೆಯಾಗುತ್ತದೆ. ಸಣ್ಣ ಸಿ ಕೊಟ್ಟರೆ ಲಿಂಕ್ ಮಾಡದೆ ಆಬ್ಜೆಕ್ಟ್ ಫೈಲ್ ಸಿಗುತ್ತದೆ, ದೊಡ್ಡ ಸಿ ಎಂದರೆ ಕಾಮೆಂಟುಗಳನ್ನು ಅಳಿಸಬೇಡ ಎಂದು.

ಪ್ರಶ್ನೆ: ಸರ, ತುಂಗಭದ್ರಾ ಜಲಾಶಯದ ನೀರಿನ ಮಟ್ಟ ತೋರಿಸೋ ಪ್ರಾಜೆಕ್ಟ್ ಮಾಡೀವ್ರಿ. ಟೆಸ್ಟಿಂಗ್ ಸಾಲುಗಳನ್ನ #ಇಫ್‌ಡೆಫ್ ಡೀಬಗ್ ಒಳಗ ಇಟ್ಟೀವಿ. ಕಂಪೈಲ್ ಮಾಡುವಾಗ -ಡಿಡೀಬಗ್=0 ಅಂತ ಕೊಟ್ಟರೂ ಆ ಸಾಲು ಪ್ರಿಂಟ್ ಆಗೋದು ನಿಲ್ಲವಲ್ದು. ಇನ್ನೊಂದು, ಪೂರ್ಣ ಮಟ್ಟ 1633 ಅಂತ ಅಡಿ ಲೆಕ್ಕದಾಗ ಕೊಟ್ಟರ ನಡೀತದ, ಮೀಟರಿನಾಗ 497.74 ಕೊಟ್ಟರ ಎರರ್. ಯಾಕ್ರಿ?
(ವಿದ್ಯಾರ್ಥಿ, ಮುನಿರಾಬಾದ್)

ಉತ್ತರ: #ಇಫ್‌ಡೆಫ್ ಕೇಳುವುದು ಹೆಸರು ಇದೆಯೋ ಇಲ್ಲವೋ ಎಂದು ಮಾತ್ರ. ಬೆಲೆ ಸೊನ್ನೆಯಾದರೂ ಹೆಸರು ಇದ್ದೇ ಇದೆ, ಹಾಗಾಗಿ ಸಾಲುಗಳು ಉಳಿದವು. -ಡಿಡೀಬಗ್ ತೆಗೆದುಹಾಕಿ, ಇಲ್ಲವೇ ಕೋಡಿನಲ್ಲಿ #ಇಫ್ ಡೀಬಗ್ ಎಂದು ಬದಲಿಸಿ. ಎರಡನೆಯದೇ ಮೇಲು, ಏಕೆಂದರೆ ಆಗ 0, 1, 2 ಎಂದು ಹಂತಗಳನ್ನೂ ಇಡಬಹುದು. ಬೆಲೆ ಬರೆಯದೆ ಬರಿ -ಡಿಡೀಬಗ್ ಎಂದರೆ ಬೆಲೆ 1. ಸಮ ಚಿಹ್ನೆ ಹಾಕಿ ಮುಂದೆ ಏನೂ ಬರೆಯದಿದ್ದರೆ ಬೆಲೆ ಖಾಲಿ, ಆಗ #ಇಫ್ ಸಾಲಿನಲ್ಲಿ ಎರರ್ ಬರುತ್ತದೆ. ಸಮ ಚಿಹ್ನೆಯ ಅಕ್ಕಪಕ್ಕ ಸ್ಪೇಸ್ ಬಿಡಬೇಡಿ. ಬಿಟ್ಟರೆ ಚಿಹ್ನೆಯನ್ನೂ ಸಂಖ್ಯೆಯನ್ನೂ ಫೈಲಿನ ಹೆಸರು ಎಂದೇ ಜಿಸಿಸಿ ತಿಳಿಯುತ್ತದೆ.

#ಇಫ್‌ಗೂ ಒಂದು ದೋಷವಿದೆ. ಗೊತ್ತಿಲ್ಲದ ಹೆಸರು ಸಿಕ್ಕರೆ ಅದನ್ನು ಸದ್ದಿಲ್ಲದೆ 0 ಎಂದು ಎಣಿಸುತ್ತದೆ. ಡೀಬಗ್ ಬರೆಯುವಲ್ಲಿ ಒಂದಕ್ಷರ ತಪ್ಪಿದರೂ ಎರರ್ ಬರುವುದಿಲ್ಲ, ಆ ಭಾಗ ಸುಮ್ಮನೆ ಮಾಯ. -ಡಬ್ಲ್ಯುಅನ್‌ಡೆಫ್ ಸೇರಿಸಿದರೆ ಎಚ್ಚರಿಕೆ ಸಿಗುತ್ತದೆ. -ಡಬ್ಲ್ಯುಆಲ್‌ನಲ್ಲಿ ಇದು ಸೇರಿಲ್ಲ, ಬೇರೆಯಾಗಿಯೇ ಕೊಡಬೇಕು.

ಮುಂದೆ ಎಡವಬಹುದಾದ ಜಾಗವನ್ನೂ ಹೇಳಿಬಿಡುತ್ತೇವೆ. ಹೆಸರನ್ನು ಡಿಫೈನ್ ಮಾಡುವ -ಡಿ, ಅದನ್ನು ರದ್ದುಮಾಡುವ -ಯು ಎರಡನ್ನೂ ಜಿಸಿಸಿ ಬರೆದ ಕ್ರಮದಲ್ಲೇ ಓದುತ್ತದೆ, ಕೊನೆಯದು ಗೆಲ್ಲುತ್ತದೆ. ಆದರೆ ಇವೆರಡೂ ಮುಗಿದ ಮೇಲೆಯೇ ನಿಮ್ಮ ಫೈಲಿನ ಮೊದಲ ಸಾಲು. ಫೈಲಿನೊಳಗೆ #ಡಿಫೈನ್ ಡೀಬಗ್ 1 ಇದ್ದರೆ ಹೊರಗಿನಿಂದ -ಯುಡೀಬಗ್ ಕೊಟ್ಟು ಏನೂ ಉಪಯೋಗವಿಲ್ಲ. -ಡಿಡೀಬಗ್=0 ಕೊಟ್ಟರೆ 'ಮತ್ತೆ ಡಿಫೈನ್ ಆಗಿದೆ' ಎಂಬ ಎಚ್ಚರಿಕೆ ಬಂದು, ಫೈಲಿನ ಬೆಲೆಯೇ ನಿಲ್ಲುತ್ತದೆ. ಫೈಲಿನ #ಡಿಫೈನ್ ಸಾಲನ್ನು #ಇಫ್‌ಎನ್‌ಡೆಫ್ ಡೀಬಗ್, #ಎಂಡಿಫ್ ನಡುವೆ ಇಡಿ. ಆಗ ಕಮಾಂಡಿನಲ್ಲಿ ಕೊಟ್ಟ ಬೆಲೆಗೆ ಮೊದಲ ಮಣೆ.

ಇನ್ನು 497.74. ಪ್ರಿಪ್ರೊಸೆಸರಿನ #ಇಫ್‌ಗೆ ಪೂರ್ಣಾಂಕ ಬಿಟ್ಟು ಬೇರೆ ಲೆಕ್ಕ ಬಾರದು. ದಶಮಾಂಶ ಕಂಡ ತಕ್ಷಣ ಎರರ್ ಕೊಟ್ಟು ನಿಲ್ಲುತ್ತದೆ. ಅದೇ ಮ್ಯಾಕ್ರೊವನ್ನು (#ಡಿಫೈನ್ ಅಥವಾ -ಡಿಯಿಂದ ಕೊಟ್ಟ ಹೆಸರನ್ನು) ಸಾಮಾನ್ಯ ಇಫ್ ಹೇಳಿಕೆಯಲ್ಲಿ ಬಳಸಿದರೆ ತೊಂದರೆಯಿಲ್ಲ, ಅದನ್ನು ನೋಡುವುದು ಕಂಪೈಲರ್. #ಇಫ್‌ನಲ್ಲೇ ಹೋಲಿಸಬೇಕಿದ್ದರೆ ಸೆಂಟಿಮೀಟರಿಗೆ ತಂದು 49774 ಎಂದು ಕೊಡಿ. ಸೈಜ್‌ಆಫ್ ಕೂಡ #ಇಫ್ ಸಾಲಿನಲ್ಲಿ ನಡೆಯುವುದಿಲ್ಲ, ಪ್ರಿಪ್ರೊಸೆಸರಿಗೆ ಟೈಪ್‌ಗಳ ಪರಿಚಯವೇ ಇಲ್ಲ.

ಪ್ರಶ್ನೆ: ಎಕರೆಯನ್ನು ಗುಂಟೆಗೆ ಬದಲಿಸಲು #ಡಿಫೈನ್ ಗುಂಟೆ(ಎ) ಎ*40 ಎಂದು ಬರೆದಿದ್ದೇನೆ. ಗುಂಟೆ(3) ಸರಿಯಾಗಿ 120 ಕೊಡುತ್ತದೆ, ಗುಂಟೆ(2+1) ಮಾತ್ರ 42! ಮ್ಯಾಕ್ರೊ ಒಳಗೆ ಏನಾಗುತ್ತಿದೆ ಎಂದು ನೋಡಲು ಸಾಧ್ಯವೇ?
(ಲಿಂಗಸುಗೂರು)

ಉತ್ತರ: ಸಾಧ್ಯ, ನೋಡಲೇಬೇಕು. ಜಿಸಿಸಿ -ಇ ಹೊಲ.ಸಿ -ಒ ಹೊಲ.ಐ ಎಂದು ಕೊಡಿ. -ಇ ಇದ್ದರೆ ಪ್ರಿಪ್ರೊಸೆಸರ್ ಕೆಲಸ ಮುಗಿದಲ್ಲಿಗೆ ಜಿಸಿಸಿ ನಿಲ್ಲುತ್ತದೆ; -ಒ ಕೊಡದಿದ್ದರೆ ಎಲ್ಲವೂ ಪರದೆ ಮೇಲೆ ಸುರಿಯುತ್ತದೆ. ಸ್ಟ್‌ಡಿಐಒ.ಎಚ್ ಒಂದೇ ಲಿನಕ್ಸಿನಲ್ಲಿ ನೂರಾರು ಸಾಲಾಗಿ ಹಿಗ್ಗುವುದರಿಂದ ಫೈಲಿನ ತುದಿಯಿಂದ ನೋಡಿ, ನಿಮ್ಮ ಕೋಡ್ ಇರುವುದು ಅಲ್ಲಿಯೇ. ಅಲ್ಲಿ 2+1*40 ಕಾಣಿಸುತ್ತದೆ. ಗುಣಾಕಾರ ಮೊದಲಾಗಿ 42 ಬಂದಿದೆ. ((ಎ)*40) ಎಂದು ಬರೆದರೆ ಸರಿಯಾಗುತ್ತದೆ. ಎ ಸುತ್ತಲಿನಷ್ಟೇ ಹೊರಗಿನ ಆವರಣವೂ ಮುಖ್ಯ. ಇಲ್ಲದಿದ್ದರೆ 240/ಗುಂಟೆ(3) ಬರೆದಾಗ ಇನ್ನೊಂದು ತಪ್ಪು ಉತ್ತರ ಕಾದಿರುತ್ತದೆ.

ಆ ಫೈಲಿನಲ್ಲಿ # ನಂತರ ಸಂಖ್ಯೆ, ಫೈಲಿನ ಹೆಸರು, ಮತ್ತೆ 1, 2, 3 ಎಂಬ ಅಂಕಿಗಳಿರುವ ಸಾಲುಗಳು ಕಂಡರೆ ಗಾಬರಿ ಬೇಡ. ಮುಂದಿನ ಸಾಲು ಯಾವ ಫೈಲಿನ ಎಷ್ಟನೆಯದು ಎಂಬ ಗುರುತುಗಳವು: 1 ಎಂದರೆ ಹೊಸ ಹೆಡರ್ ಶುರು, 2 ಎಂದರೆ ಅದರಿಂದ ಹಿಂದಕ್ಕೆ ಬಂದದ್ದು, 3 ಎಂದರೆ ಸಿಸ್ಟಮ್ ಹೆಡರ್. ಓದಲು ಅಡ್ಡಿಯಾದರೆ -ಪಿ ಸೇರಿಸಿ, ಹೋಗುತ್ತವೆ. ಆದರೆ -ಪಿ ಹಾಕಿ ಪಡೆದ ಫೈಲನ್ನು ಕಂಪೈಲ್ ಮಾಡಿದರೆ ಎರರ್ ತೋರಿಸುವ ಸಾಲಿನ ಸಂಖ್ಯೆ ಮೂಲ ಫೈಲಿಗೆ ತಾಳೆಯಾಗದು.

ಜಾರಿಯಲ್ಲಿರುವ ಮ್ಯಾಕ್ರೊಗಳ ಪಟ್ಟಿ ಮಾತ್ರ ಸಾಕು ಎನ್ನುವವರಿಗೆ -ಇ ಜೊತೆ -ಡಿಎಂ ಇದೆ (ಇಲ್ಲಿ ಡಿ ಸಣ್ಣದು, ಎಂ ದೊಡ್ಡದು). ಕಂಪೈಲರ್ ತಾನೇ ಡಿಫೈನ್ ಮಾಡಿಕೊಂಡವೂ ಅದರಲ್ಲಿ ಬರುತ್ತವೆ. ಮೇಕ್‌ಫೈಲ್ (ಕಂಪೈಲ್ ಕಮಾಂಡುಗಳನ್ನು ಬರೆದಿಡುವ ಫೈಲ್, ಅದನ್ನು ಓದಿ ನಡೆಸುವುದು ಮೇಕ್) ದೊಡ್ಡದಾಗಿ, ನಾವು ಕೊಟ್ಟ -ಡಿ ನಿಜವಾಗಿ ಕಂಪೈಲರ್ ತನಕ ಮುಟ್ಟಿತೇ ಎಂಬ ಅನುಮಾನ ಬಂದಾಗ ಇದರಷ್ಟು ಬೇಗ ಉತ್ತರ ಕೊಡುವ ಆಯ್ಕೆ ಇನ್ನೊಂದಿಲ್ಲ.

ಪ್ರಶ್ನೆ: -ಡಿಊರು="ರಾಯಚೂರು" ಎಂದು ಕೊಟ್ಟರೆ, ಆ ಹೆಸರಿನ ವೇರಿಯಬಲ್ ಡಿಕ್ಲೇರ್ ಆಗಿಲ್ಲ ಎನ್ನುತ್ತದೆ. ಅದು ಸ್ಟ್ರಿಂಗ್ ಅಲ್ಲವೇ?
(ರಾಯಚೂರು)

ಉತ್ತರ: ಆ ಜೋಡಿ ಉದ್ಧರಣ ಚಿಹ್ನೆಗಳನ್ನು ಶೆಲ್ (ನೀವು ಟೈಪ್ ಮಾಡಿದ ಕಮಾಂಡನ್ನು ಮೊದಲು ಓದುವ ಪ್ರೋಗ್ರಾಂ) ತಾನೇ ತಿಂದುಹಾಕಿ ಉಳಿದದ್ದನ್ನು ಜಿಸಿಸಿಗೆ ಕೊಟ್ಟಿದೆ. ಇಡೀ ಆಯ್ಕೆಯನ್ನು ಒಂಟಿ ಚಿಹ್ನೆಯೊಳಗೆ ಇಡಿ: '-ಡಿಊರು="ರಾಯಚೂರು"'. ಆರ್ಗ್ಯುಮೆಂಟ್ ಇರುವ ಮ್ಯಾಕ್ರೊವನ್ನು -ಡಿಯಿಂದ ಕೊಡುವಾಗಲೂ ಹೀಗೆಯೇ, ಆವರಣ ಚಿಹ್ನೆಗೆ ಶೆಲ್‌ನಲ್ಲಿ ಬೇರೆ ಅರ್ಥವಿದೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಒಂಟಿ ಚಿಹ್ನೆ ನಡೆಯುವುದಿಲ್ಲ. ಅಲ್ಲಿ ಪ್ರತಿ ಜೋಡಿ ಚಿಹ್ನೆಯ ಹಿಂದೆ \ ಹಾಕಿ.

ಪ್ರಶ್ನೆ: ಸರ್, ಹೆಡರ್ ಫೈಲ್ ಫೋಲ್ಡರಿನಲ್ಲಿ ಕಣ್ಣೆದುರೇ ಇದೆ. -ಐ ಕೂಡ ಕೊಟ್ಟಿದ್ದೇನೆ. ಆದರೂ ಅಂಥ ಫೈಲ್ ಇಲ್ಲ ಅನ್ನುತ್ತದೆ.
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬಳ್ಳಾರಿ)

ಉತ್ತರ: ಕಮಾಂಡ್ ಕಳಿಸಿಲ್ಲವಾದ್ದರಿಂದ ಹೆಚ್ಚಾಗಿ ಆಗುವ ಮೂರು ತಪ್ಪು ಹೇಳುತ್ತೇವೆ. -ಐ ಮುಂದೆ ಬರೆಯಬೇಕಾದ್ದು ಫೋಲ್ಡರಿನ ಹೆಸರು, ಹೆಡರ್ ಫೈಲಿನ ಹೆಸರಲ್ಲ. ಫೋಲ್ಡರಿನ ದಾರಿಯನ್ನು ಜಿಸಿಸಿ ಲೆಕ್ಕ ಹಾಕುವುದು ನೀವು ಕಮಾಂಡ್ ಕೊಟ್ಟ ಜಾಗದಿಂದ, ಸಿ ಫೈಲ್ ಇರುವ ಜಾಗದಿಂದಲ್ಲ. ಮೂರನೆಯದು, ವಿಂಡೋಸಿನಿಂದ ತಂದ ಕೋಡಿನಲ್ಲಿ ಮಾಮೂಲು: ಫೈಲಿನ ಹೆಸರಿನ ಮೊದಲಕ್ಷರ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಸಣ್ಣದು. ಲಿನಕ್ಸಿಗೆ ಅವು ಬೇರೆ ಬೇರೆ ಫೈಲುಗಳು.

ಊಹಿಸುತ್ತ ಕೂರುವ ಬದಲು -ಇ ಜೊತೆ -ವಿ ಕೊಡಿ, ಹುಡುಕುವ ಫೋಲ್ಡರುಗಳನ್ನು ಅದೇ ಕ್ರಮದಲ್ಲಿ ಬರೆದು ತೋರಿಸುತ್ತದೆ. ನಿಮ್ಮದು ಆ ಪಟ್ಟಿಯಲ್ಲಿಲ್ಲ ಎಂದರೆ ತಪ್ಪು ಅಲ್ಲಿಯೇ. ಇಲ್ಲದ ಫೋಲ್ಡರ್ ಕೊಟ್ಟಿದ್ದರೆ ಅದನ್ನು ಕಡೆಗಣಿಸಿದ್ದನ್ನೂ ಹೇಳುತ್ತದೆ. ಯಾವ ಹೆಡರ್ ಯಾವುದನ್ನು ಎಳೆದುಕೊಂಡಿತು ಎಂದು ತಿಳಿಯಲು -ಎಚ್. ಹೆಸರಿನ ಹಿಂದೆ ಎಷ್ಟು ಚುಕ್ಕಿಯೋ ಅಷ್ಟು ಆಳ.

ಕ್ರಮ ಹೀಗಿದೆ. ಉದ್ಧರಣ ಚಿಹ್ನೆಯಲ್ಲಿ ಬರೆದ ಹೆಡರನ್ನು ಮೊದಲು ಆ ಸಾಲು ಇರುವ ಫೈಲಿನ ಫೋಲ್ಡರಿನಲ್ಲಿ, ಆಮೇಲೆ -ಐಕೋಟ್ ಕೊಟ್ಟ ಕಡೆ ಹುಡುಕುತ್ತದೆ (ಇದರಲ್ಲೂ ಮುಂದಿನ -ಐಸಿಸ್ಟಮ್, -ಐಡಿರ್‌ಆಫ್ಟರ್‌ಗಳಲ್ಲೂ ಎಲ್ಲವೂ ಸಣ್ಣಕ್ಷರ). ಅಲ್ಲಿಂದ ಮುಂದೆ ಎರಡು ಬಗೆಗೂ ಒಂದೇ ದಾರಿ: -ಐ ಫೋಲ್ಡರುಗಳು ಎಡದಿಂದ ಬಲಕ್ಕೆ, -ಐಸಿಸ್ಟಮ್, ಸಿಸ್ಟಮಿನ ಸ್ವಂತ ಫೋಲ್ಡರುಗಳು, ಕೊನೆಗೆ -ಐಡಿರ್‌ಆಫ್ಟರ್. (ಕೊನೆಯದು ಬೇಕಾಗುವುದೇ ಅಪರೂಪ.) ಸಿಸ್ಟಮ್ ಫೋಲ್ಡರಿಗಿಂತ -ಐ ಮುಂದಿದೆ ಎಂಬುದನ್ನು ಗಮನಿಸಿ. ಸ್ವಂತ ಹೆಡರಿಗೆ ಸ್ಟ್ರಿಂಗ್.ಎಚ್ ಅಥವಾ ಟೈಮ್.ಎಚ್ ಎಂದು ಹೆಸರಿಟ್ಟು -ಐ ಕೊಟ್ಟರೆ, ಕೋನ ಚಿಹ್ನೆಯಲ್ಲಿ ಬರೆದವರಿಗೂ ನಿಮ್ಮ ಫೈಲೇ ಸಿಕ್ಕಿ ಎಲ್ಲಿಲ್ಲದ ಎರರ್ ಸಾಲುಗಟ್ಟುತ್ತವೆ. ಹೆಸರು ಬದಲಿಸಿ, ಆಗದಿದ್ದರೆ -ಐ ಬಿಟ್ಟು -ಐಕೋಟ್ ಬಳಸಿ. ಬೇರೆಯವರ ಲೈಬ್ರರಿಯ ಹೆಡರಿನಿಂದ ಎಚ್ಚರಿಕೆಗಳ ರಾಶಿ ಬರುತ್ತಿದ್ದರೆ ಅದರ ಫೋಲ್ಡರನ್ನು -ಐಸಿಸ್ಟಮ್ ಮೂಲಕ ಕೊಡಿ, ಬಾಯಿ ಮುಚ್ಚುತ್ತದೆ.

ಪ್ರಶ್ನೆ: ಲ್ಯಾಬಿನ ಟರ್ಬೊ ಸಿ ಪ್ರೋಗ್ರಾಂ ಲಿನಕ್ಸಿನಲ್ಲಿ ಓಡಿಸಿದೆ. ಕೊನಿಯೊ.ಎಚ್ ಸಿಗಲು -ಐ ಎಲ್ಲಿಗೆ ಕೊಡಬೇಕು?
(ಸಿಂಧನೂರು)

ಉತ್ತರ: ಎಲ್ಲಿಗೂ ಅಲ್ಲ. ಅದು ಡಾಸ್ ಕಂಪೈಲರುಗಳ ಹೆಡರ್, ಸಿ ಸ್ಟ್ಯಾಂಡರ್ಡಿನದಲ್ಲ. ಟರ್ಬೊ ಸಿ ಫೋಲ್ಡರಿನಿಂದ ಹೆಡರನ್ನು ಕಾಪಿ ಮಾಡಿದರೂ ಅದರ ಹಿಂದಿನ ಲೈಬ್ರರಿ ಬರುವುದಿಲ್ಲ. ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್ ಸಾಲುಗಳನ್ನು ತೆಗೆಯಿರಿ, ಪರದೆ ಕೆಲಸ ಬೇಕೇ ಬೇಕೆಂದರೆ ಎನ್‌ಕರ್ಸಸ್ ಕಲಿಯಿರಿ.

ಪ್ರಶ್ನೆ: ಮ್ಯಾತ್.ಎಚ್ ಸೇರಿಸಿದ್ದರೂ ವರ್ಗಮೂಲದ ಫಂಕ್ಷನ್‌ಗೆ ಅನ್‌ಡಿಫೈನ್ಡ್ ರೆಫರೆನ್ಸ್ ಬರುತ್ತಿದೆ.
(ಮಾನ್ವಿ)

ಉತ್ತರ: ಪ್ರಿಪ್ರೊಸೆಸರ್ ತನ್ನ ಕೆಲಸ ಮುಗಿಸಿದೆ, ದೂರು ಲಿಂಕರಿನದು (ಆಬ್ಜೆಕ್ಟ್ ಫೈಲುಗಳನ್ನು ಲೈಬ್ರರಿಯೊಂದಿಗೆ ಜೋಡಿಸುವ ಭಾಗ). ಕಮಾಂಡಿನ ಕೊನೆಗೆ, ಸಿ ಫೈಲಿನ ನಂತರ, -ಎಲ್‌ಎಂ ಸೇರಿಸಿ.

ಪ್ರಶ್ನೆ: ರೈಸ್ ಮಿಲ್ಲಿನ ವೇಬ್ರಿಡ್ಜ್‌ಗೆ ಬರೆದ ಪ್ರೋಗ್ರಾಂ, ಎಂಟು ಸಿ ಫೈಲುಗಳಿವೆ. ಹೆಡರಿನಲ್ಲಿ ಸ್ಟ್ರಕ್ಚರಿಗೆ ಒಂದು ಕಾಲಂ ಸೇರಿಸಿ ಮೇಕ್ ಕೊಟ್ಟರೆ ಕೆಲವು ಫೈಲ್ ಮಾತ್ರ ಕಂಪೈಲ್ ಆಗಿ, ತೂಕ ಏನೇನೋ ಬರುತ್ತದೆ. ಮೇಕ್ ಕ್ಲೀನ್ ಮಾಡಿದರೆ ಸರಿ.
(ಗಂಗಾವತಿ)

ಉತ್ತರ: ಯಾವ ಸಿ ಫೈಲ್ ಯಾವ ಹೆಡರನ್ನು ನಂಬಿಕೊಂಡಿದೆ ಎಂದು ಮೇಕ್‌ಗೆ ನೀವು ಹೇಳಿಲ್ಲ. ಹಳೆಯ ಆಬ್ಜೆಕ್ಟ್ ಫೈಲುಗಳಲ್ಲಿ ಸ್ಟ್ರಕ್ಚರಿನ ಹಳೆಯ ಅಳತೆಯೇ ಉಳಿದಿದೆ, ಹೊಸದರಲ್ಲಿ ಹೊಸದು. ಇಬ್ಬರೂ ಒಂದೇ ಮೆಮೊರಿಯನ್ನು ಬೇರೆ ಬೇರೆ ಜಾಗದಿಂದ ಓದುತ್ತಿದ್ದಾರೆ.

ಪಟ್ಟಿಯನ್ನು ಕೈಯಲ್ಲಿ ಬರೆಯಬೇಡಿ. ಕಂಪೈಲ್ ಮಾಡುವ ಸಾಲಿಗೆ -ಎಂಎಂಡಿ -ಎಂಪಿ ಸೇರಿಸಿ (ಎಲ್ಲವೂ ದೊಡ್ಡಕ್ಷರ). ಪ್ರತಿ ಸಿ ಫೈಲಿಗೂ ಪಕ್ಕದಲ್ಲೊಂದು .ಡಿ ಫೈಲ್ ಹುಟ್ಟಿ, ಅದರಲ್ಲಿ ಹೆಡರುಗಳ ಪಟ್ಟಿ ಮೇಕ್‌ಗೆ ಅರ್ಥವಾಗುವಂತೆ ಇರುತ್ತದೆ. ಮೇಕ್‌ಫೈಲಿನ ತುದಿಯಲ್ಲಿ -ಇನ್‌ಕ್ಲೂಡ್ ಎಂದು ಬರೆದು ಆ .ಡಿ ಫೈಲುಗಳ ಹೆಸರು ಕೊಡಿ. ಇಲ್ಲಿನ ಅಡ್ಡಗೆರೆ ಮೇಕ್‌ನದು, ಫೈಲ್ ಇಲ್ಲದಿದ್ದರೂ ನಿಲ್ಲಬೇಡ ಎಂದು ಅರ್ಥ. ಜಿಸಿಸಿಗೂ ಅದೇ ಹೆಸರಿನ ಆಯ್ಕೆಯೊಂದಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸೇರಿಸಿದ ಮೇಲೆ ಒಮ್ಮೆ ಮೇಕ್ ಕ್ಲೀನ್ ಮಾಡಲೇಬೇಕು, ಈಗಾಗಲೇ ಇರುವ ಆಬ್ಜೆಕ್ಟುಗಳಿಗೆ .ಡಿ ಫೈಲ್ ಇನ್ನೂ ಹುಟ್ಟಿಲ್ಲ.

-ಎಂಎಂಡಿ ಸಿಸ್ಟಮ್ ಹೆಡರುಗಳನ್ನು ಬಿಟ್ಟುಬಿಡುತ್ತದೆ, -ಎಂಡಿ ಅವನ್ನೂ ಸೇರಿಸುತ್ತದೆ. ನಿಮಗೆ ಮೊದಲನೆಯದು ಸಾಕು. -ಎಂಪಿ ಬಿಟ್ಟರೂ ಕೆಲವು ದಿನ ನಡೆಯುತ್ತದೆ. ಯಾವುದೋ ಹೆಡರನ್ನು ಅಳಿಸಿದ ದಿನ, ಆ ಫೈಲ್ ಮಾಡುವ ನಿಯಮವಿಲ್ಲ ಎಂದು ಮೇಕ್ ಹಟ ಹಿಡಿಯುತ್ತದೆ. -ಎಂಎಂ ಎಂಬ ಚಿಕ್ಕ ಆಯ್ಕೆಯನ್ನು ಇದರ ಬದಲು ಹಾಕಬೇಡಿ. ಅದು ಪಟ್ಟಿ ಬರೆದು ಸುಮ್ಮನಾಗುತ್ತದೆ, ಕಂಪೈಲ್ ಮಾಡುವುದಿಲ್ಲ.

ಪ್ರಶ್ನೆ: -ಎಸ್‌ಟಿಡಿ=ಸಿ99 ಹಾಕಿದರೆ ಸ್ಟರ್‌ಡಪ್ ಫಂಕ್ಷನ್ ಗೊತ್ತಿಲ್ಲ ಎನ್ನುತ್ತದೆ, ತೆಗೆದರೆ ಸರಿ. ಗೆಳೆಯನ ಹಳೆ ಲ್ಯಾಪ್‌ಟಾಪಿನಲ್ಲಿ ಬರಿ ಎಚ್ಚರಿಕೆ, ನನ್ನದರಲ್ಲಿ ಎರರ್.
(ಕುಷ್ಟಗಿ)

ಉತ್ತರ: ಸಿ99 ಎಂದು ಕಟ್ಟುನಿಟ್ಟಾಗಿ ಕೇಳಿದಾಗ, ಆ ಸ್ಟ್ಯಾಂಡರ್ಡಿನಲ್ಲಿಲ್ಲದ ಫಂಕ್ಷನ್‌ಗಳನ್ನು ಹೆಡರುಗಳು ಮರೆಮಾಡುತ್ತವೆ. -ಎಸ್‌ಟಿಡಿ=ಜಿಎನ್‌ಯು99 ಹಾಕಿ, ಅಥವಾ ಸಿ99 ಉಳಿಸಿಕೊಂಡು -ಡಿ_ಪೋಸಿಕ್ಸ್_ಸಿ_ಸೋರ್ಸ್=200809ಎಲ್ ಕೊಡಿ. ಇದನ್ನು ಕೋಡಿನಲ್ಲಿ ಬರೆಯುವುದಾದರೆ ಎಲ್ಲ #ಇನ್‌ಕ್ಲೂಡ್‌ಗಳಿಗಿಂತ ಮೇಲೆ ಬರಬೇಕು, ಮೊದಲ ಹೆಡರ್ ಓದಿದ ಮೇಲೆ ಬರೆದರೆ ವ್ಯರ್ಥ. ಎಚ್ಚರಿಕೆ, ಎರರ್ ವ್ಯತ್ಯಾಸ ಜಿಸಿಸಿಯ ಆವೃತ್ತಿಯದು: ಡಿಕ್ಲೇರ್ ಆಗದ ಫಂಕ್ಷನ್ ಕರೆಯುವುದನ್ನು 2024ರಲ್ಲಿ ಬಂದ ಜಿಸಿಸಿ 14 ಎರರ್ ಎಂದೇ ಪರಿಗಣಿಸುತ್ತದೆ.