ದೀಪ ಆರಿತ್ತು, ಕವಾಟ ತೆರೆದೇ ಇತ್ತು

ಶಿರಸಿಯ ಓದುಗ ಮಿತ್ರರೇ,

ಪತ್ರದ ಜೊತೆ ನಿಮ್ಮ ಅಡಿಕೆ ಸುಲಿಯುವ ಯಂತ್ರದ ನಕ್ಷೆಯೂ ತಲುಪಿತು. ಅಂತಿಮ ವರ್ಷದ ಪ್ರಾಜೆಕ್ಟಿಗೆ ಅಗತ್ಯಗಳ ಪಟ್ಟಿ, ಕಾರ್ಯಗಳ ವಿಂಗಡಣೆ, ಪರ್ಯಾಯಗಳ ಕೋಷ್ಟಕ ಎಂದು ಕಾಗದ ತುಂಬಿಸುವ ಬದಲು ನೇರ ಯಂತ್ರವನ್ನೇ ಕಟ್ಟಬಾರದೇ ಎಂದು ಕೇಳಿದ್ದೀರಿ. ಯಂತ್ರ ಸರಿಯಿದ್ದ ಮೇಲೆ ತಪ್ಪು ನಡೆಸುವವರದ್ದೇ ಅಲ್ಲವೇ ಎಂದೂ ಬರೆದಿದ್ದೀರಿ. ಈ ಎರಡನೆಯ ಮಾತಿನಿಂದಲೇ ಶುರುಮಾಡುತ್ತೇನೆ.

1979ರ ಮಾರ್ಚ್ 28, ನಸುಕಿನ ನಾಲ್ಕು ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುವಿದ್ಯುತ್ ಸ್ಥಾವರದ ಎರಡನೇ ಘಟಕದಲ್ಲಿ ನೀರೂಡಿಸುವ ಪಂಪುಗಳು ನಿಂತವು. ಒತ್ತಡ ಏರಿತು, ಅದನ್ನು ಇಳಿಸುವ ಕವಾಟ (ವಾಲ್ವ್) ತಾನಾಗಿ ತೆರೆಯಿತು, ರಿಯಾಕ್ಟರ್ ಕೂಡ ತಾನಾಗಿ ನಿಂತಿತು. ಒತ್ತಡ ಇಳಿದ ಮೇಲೆ ಮುಚ್ಚಬೇಕಿದ್ದ ಆ ಕವಾಟ ಸಿಕ್ಕಿಹಾಕಿಕೊಂಡು ತೆರೆದೇ ಉಳಿಯಿತು. ಆದರೆ ನಿಯಂತ್ರಣ ಫಲಕದಲ್ಲಿ ಅದರ ದೀಪ ಆರಿತು. ಕವಾಟವನ್ನು ನಡೆಸುವ ಸೊಲೆನಾಯ್ಡಿಗೆ, ಅಂದರೆ ವಿದ್ಯುತ್ಕಾಂತದ ಸುರುಳಿಗೆ, ವಿದ್ಯುತ್ ಹೋಗುತ್ತಿದೆಯೇ ಇಲ್ಲವೇ ಎಂಬುದಷ್ಟೇ ಆ ದೀಪಕ್ಕೆ ಗೊತ್ತಿತ್ತು; ಕವಾಟ ನಿಜವಾಗಿ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಮುಚ್ಚಲು ಆದೇಶ ಹೋಗಿತ್ತು. ದೀಪ ನೋಡಿದವರು ಮುಚ್ಚಿಯೇ ಇದೆ ಎಂದುಕೊಂಡರು.

ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಮೊಳಗಿದವು. ಸೋರಿದ ನೀರು ಸೇರುವ ತೊಟ್ಟಿಗೂ ಮಾಪಕವಿತ್ತು, ಆದರೆ ಮುಖ್ಯ ಫಲಕದ ಹಿಂದೆ. ಎದುರಿಗಿದ್ದ ಇನ್ನೊಂದು ಮಾಪಕ ರಿಯಾಕ್ಟರಿನ ವ್ಯವಸ್ಥೆಯಲ್ಲಿ ನೀರು ಏರುತ್ತಿದೆ ಎಂದು ತೋರಿಸಿತು. ಅದನ್ನು ನಂಬಿದ ಸಿಬ್ಬಂದಿ ರಿಯಾಕ್ಟರನ್ನು ತಣಿಸುವ ತುರ್ತು ನೀರಿನ ಹರಿವನ್ನೇ ತಗ್ಗಿಸಿದರು. ಸೋರಿಕೆ ನಿಂತದ್ದು ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷಗಳ ಬಳಿಕ. ತಣಿಸುವ ನೀರು ಸಾಲದೆ, ಇಂಧನವಿರುವ ರಿಯಾಕ್ಟರಿನ ಗರ್ಭದ ಸುಮಾರು ಅರ್ಧ ಕರಗಿಹೋಯಿತು. ಗಣಿತಜ್ಞ ಜಾನ್ ಕೆಮೆನಿ ಅವರ ಅಧ್ಯಕ್ಷತೆಯ ತನಿಖಾ ಆಯೋಗ ಸಿಬ್ಬಂದಿಯ ತಪ್ಪನ್ನು ಮರೆಮಾಚಲಿಲ್ಲ. ಅವರಿಗೆ ಸಿಕ್ಕ ತರಬೇತಿ, ಗೊಂದಲದ ಸೂಚನೆಗಳು, ಆ ಕೊಠಡಿಯ ವಿನ್ಯಾಸ ಇವನ್ನೂ ಹೊಣೆ ಮಾಡಿತು. ನನಗೆ ಅದೇ ನ್ಯಾಯವೆನಿಸುತ್ತದೆ.

ಈಗ ನಿಮ್ಮ ಕೋಷ್ಟಕಗಳು. ಜರ್ಮನಿಯ ಎಂಜಿನಿಯರುಗಳ ಸಂಘದ ವಿಡಿಐ 2221 ಮಾರ್ಗಸೂಚಿ ಭಾಗಗಳಿಗೆ ರೂಪ ಕೊಡುವ ಮೊದಲು ಏನೇನು ಕಾರ್ಯ ನಡೆಯಬೇಕೆಂದು ಬರೆಯಿಸುತ್ತದೆ. ‘ಕವಾಟಕ್ಕೊಂದು ದೀಪ’ ಎಂದರೆ ಒಂದು ಭಾಗ. ‘ನೀರು ಹೊರಹೋಗುತ್ತಿದೆಯೇ ಎಂದು ಫಲಕದ ಮುಂದಿರುವವರಿಗೆ ತಿಳಿಯಬೇಕು’ ಎಂದರೆ ಒಂದು ಕಾರ್ಯ. ಹೀಗೆ ಬರೆದಿದ್ದರೆ ಸೊಲೆನಾಯ್ಡಿನ ತಂತಿಗೆ ದೀಪ ಕಟ್ಟಿ ಕೈತೊಳೆದುಕೊಳ್ಳುವುದು ಕಷ್ಟವಾಗುತ್ತಿತ್ತು. ಆದರೆ ನಿಮ್ಮ ಬೇಸರವೂ ಸುಳ್ಳಲ್ಲ. ಹಾಸ್ಟೆಲಿನಲ್ಲಿ ಕೂತು ತುಂಬಿಸಿದ ಪಟ್ಟಿಯಿಂದ ಅಂಕ ಬಂದೀತು, ಅಷ್ಟೆ. ಸುಲಿತದ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂರುವವರ ಪಕ್ಕ ಎರಡು ದಿನ ಕೂತು ಬನ್ನಿ. ಅವರ ಕೈ ಯಾವಾಗ ಸೋಲುತ್ತದೆ, ಕಣ್ಣು ಎಲ್ಲಿರುತ್ತದೆ ಎಂದು ನೋಡಿ, ಆಮೇಲೆ ಪಟ್ಟಿ ಬರೆಯಿರಿ.

ನಿಮ್ಮ ನಕ್ಷೆಯಲ್ಲೂ ಸ್ವಿಚ್ಚಿನ ಪಕ್ಕ ಒಂದು ಕೆಂಪು ದೀಪವಿದೆ. ಸಿಕ್ಕಿಕೊಂಡ ಅಡಿಕೆ ತೆಗೆಯಲು ಕೈ ಹಾಕುವವರು ಅದನ್ನೇ ನೋಡುತ್ತಾರೆ. ಅದು ಆರಿದಾಗ ಸ್ವಿಚ್ಚು ಆಫ್ ಆಗಿದೆ ಎಂದು ಅರ್ಥವೋ, ಒಳಗಿನ ಡ್ರಮ್ ತಿರುಗುವುದು ನಿಂತಿದೆ ಎಂದೋ? ಇದನ್ನು ತೀರ್ಮಾನಿಸಿ ನನಗೆ ಬರೆಯಿರಿ.

— ಸಂಪಾದಕ